ಹದಿನೆಂಟು ವರ್ಷ ಒಂದೇ ಕೆಳ ವಿಭಾಗದ ಕ್ಲಬ್: ಮ್ಯಾಟ್ ಬ್ಲೂಮ್‌ಫೀಲ್ಡ್ ಅವರ ವೃತ್ತಿಜೀವನವನ್ನು ಹೇಗೆ ಅಳೆಯಬೇಕು?

ಕಂಠೀರವದ ಪ್ರೇಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಎಫ್‌ಸಿ ಹುಟ್ಟಿದ 2013ರಿಂದಲೂ ಆ ತಂಡವನ್ನು ನೋಡುತ್ತ ಬಂದಿರುವ ನನಗೆ ಇಂಗ್ಲೆಂಡಿನ ಕೆಳ ವಿಭಾಗಗಳ ಬಗ್ಗೆ ಕುತೂಹಲ ಹುಟ್ಟಿಸಿದವರು ಜಾನ್ ಜಾನ್ಸನ್. ನಮ್ಮ ರಕ್ಷಣಾ ಸಾಲಿನಲ್ಲಿ ಗೋಡೆಯಂತೆ ನಿಲ್ಲುತ್ತಿದ್ದ ಅವರು ಅದಕ್ಕೂ ಮೊದಲು ನಾರ್ಥಾಂಪ್ಟನ್ ಟೌನ್ ಪರ ಆಡಿದ್ದರೆಂದು ತಿಳಿದ ಮೇಲೆ, ಪ್ರೀಮಿಯರ್ ಲೀಗ್‌ನ ಬೆಳಕು ಬೀಳದ ಆ ಊರುಗಳ ತಂಡಗಳ ಫಲಿತಾಂಶಗಳನ್ನು ವಾರ ವಾರವೂ ನೋಡುವ ಅಭ್ಯಾಸ ಬೆಳೆಯಿತು.

2025ರ ಅಕ್ಟೋಬರ್‌ನಲ್ಲಿ ಲೂಟನ್ ಟೌನ್ ತನ್ನ ತರಬೇತುದಾರ ಮ್ಯಾಟ್ ಬ್ಲೂಮ್‌ಫೀಲ್ಡ್ ಅವರನ್ನು ಕೈಬಿಟ್ಟ ಸುದ್ದಿ ಓದಿದಾಗ, ಈ ವ್ಯಕ್ತಿ ಆಟಗಾರರಾಗಿದ್ದಾಗ ಏನು ಮಾಡಿದ್ದರು ಎಂದು ಹುಡುಕಿದೆ. ಮಿಡ್‌ಫೀಲ್ಡರ್ ಆಗಿದ್ದ ಅವರು 2003ರ ಡಿಸೆಂಬರ್‌ನಲ್ಲಿ ವಿಕಮ್ ವಾಂಡರರ್ಸ್ ಸೇರಿ 2022ರ ಫೆಬ್ರವರಿಯಲ್ಲಿ ಅಲ್ಲಿಯೇ ನಿವೃತ್ತರಾದರು. ಆ ಕ್ಲಬ್ಬಿನ ಪರ ಆಡಿದ ಪಂದ್ಯಗಳು 550ಕ್ಕೂ ಹೆಚ್ಚು. ಈ ಅವಧಿಯಲ್ಲಿ ಕ್ಲಬ್ಬಿಗೆ ಮೇಲಿನ ವಿಭಾಗಕ್ಕೆ ಸಿಕ್ಕ ಬಡ್ತಿಗಳು ನಾಲ್ಕು (2009, 2011, 2018, 2020), ಕೆಳಗಿನ ವಿಭಾಗಕ್ಕೆ ಆದ ಹಿಂಬಡ್ತಿಗಳೂ ನಾಲ್ಕು (2004, 2010, 2012, 2021). ಪ್ರೀಮಿಯರ್ ಲೀಗನ್ನು ಮೊದಲನೆಯದೆಂದು ಎಣಿಸಿದರೆ, ಸೇರಿದಾಗ ಮೂರನೆಯ ಸ್ತರದಲ್ಲಿದ್ದ ತಂಡ ಅವರು ಬೂಟು ಬಿಚ್ಚಿಟ್ಟಾಗಲೂ ಮೂರನೆಯ ಸ್ತರದಲ್ಲಿಯೇ ಇತ್ತು. ಹದಿನೆಂಟು ವರ್ಷ ಹತ್ತಿ ಇಳಿದು, ಹೊರಟಲ್ಲಿಗೇ ಬಂದು ನಿಂತ ಹಾಗಾಯಿತು.

ನನ್ನ ಅಕ್ಕನ ಮಗನಿಗೆ ಹದಿನಾರು ವರ್ಷ, ಅವನೂ ಮಿಡ್‌ಫೀಲ್ಡರ್. ಈ ಲೆಕ್ಕವನ್ನು ಅವನಿಗೆ ತೋರಿಸಿದಾಗ, "ಮಾಮ, ಇಷ್ಟು ವರ್ಷ ಆಡಿಯೂ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲವೆಂದರೆ ಅದು ಸೋಲಲ್ಲವಾ?" ಎಂದು ಕೇಳಿದ. ಅಲ್ಲ ಎಂದು ಥಟ್ಟನೆ ಹೇಳಿದೆನಾದರೂ ಕಾರಣ ಕೊಡಲು ನನ್ನಿಂದ ಆಗಲಿಲ್ಲ. ಆ ವಿಭಾಗಗಳನ್ನು ಹತ್ತಿರದಿಂದ ಕಂಡವರು ಇಲ್ಲಿದ್ದರೆ, ಇಂಥ ಆಟಗಾರ ಅಲ್ಲಿ ಮಾಡುವ ಕೆಲಸವಾದರೂ ಏನು, ಒಂದೇ ಕಡೆ ಇಷ್ಟು ಕಾಲ ಉಳಿಯುವುದಾದರೂ ಏಕೆ ಎಂಬುದನ್ನು ದಯವಿಟ್ಟು ವಿವರಿಸಿ.

ಸ್ಲೌ ಕನ್ನಡಿಗ

ಈ ಪ್ರಶ್ನೆ ನೋಡಿ ಬಹಳ ಸಂತೋಷವಾಯಿತು. ನಾನು ಸ್ಲೌ ಪಟ್ಟಣಕ್ಕೆ ಬಂದು ನೆಲೆಸಿ ಹತ್ತೊಂಬತ್ತು ವರ್ಷವಾಯಿತು. ಇಲ್ಲಿಂದ ಹೈ ವಿಕಮ್ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಸಹೋದ್ಯೋಗಿಯೊಬ್ಬರು ಒಂದು ಶನಿವಾರ ಒತ್ತಾಯದಿಂದ ಅಲ್ಲಿನ ಪಂದ್ಯಕ್ಕೆ ಕರೆದುಕೊಂಡು ಹೋದರು; ಆಮೇಲೆ ನನ್ನನ್ನು ಒತ್ತಾಯಿಸುವ ಅಗತ್ಯವೇ ಬರಲಿಲ್ಲ.

ಮೊದಲು ಊರಿನ ಬಗ್ಗೆ ಎರಡು ಮಾತು, ಏಕೆಂದರೆ ಅದಿಲ್ಲದೆ ಈ ವೃತ್ತಿಜೀವನ ಅರ್ಥವಾಗದು. ಹೈ ವಿಕಮ್ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಚಿಲ್ಟರ್ನ್ ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ಸುತ್ತಲಿನ ಬೀಚ್ ಮರಗಳಿಂದ ಕುರ್ಚಿ ಮಾಡುವುದು ಈ ಊರಿನ ಕುಲಕಸುಬಾಗಿತ್ತು. ತಂಡವನ್ನು ಇಂದಿಗೂ 'ಚೇರ್‌ಬಾಯ್ಸ್' ಎಂದೇ ಕರೆಯುತ್ತಾರೆ. 1887ರಲ್ಲಿ ಹುಟ್ಟಿದ ಕ್ಲಬ್ಬು ಫುಟ್‌ಬಾಲ್ ಲೀಗ್ ಪ್ರವೇಶಿಸಿದ್ದು 1993ರಲ್ಲಿ, ಮಾರ್ಟಿನ್ ಓನೀಲ್ ಅವರ ಕಾಲದಲ್ಲಿ. ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದು ವೃತ್ತಿಪರ ಲೀಗಿನ ಬಾಗಿಲಾಚೆಯೇ ಇತ್ತು. 1990ರಲ್ಲಿ ಕಟ್ಟಿದ ಆಡಮ್ಸ್ ಪಾರ್ಕ್ ಮೈದಾನ ಕೈಗಾರಿಕಾ ವಸಾಹತಿನ ರಸ್ತೆಯ ತುತ್ತತುದಿಯಲ್ಲಿದೆ. ಹಿಂದೆ ಗುಡ್ಡ ಮತ್ತು ಕಾಡು, ಹತ್ತು ಸಾವಿರದಷ್ಟು ಜನರಿಗೆ ಜಾಗ, ಹೊರಗೆ ಬರಲು ಒಂದೇ ರಸ್ತೆ. ಇಂಥ ಕ್ಲಬ್ಬಿಗೆ ವೃತ್ತಿಪರ ಲೀಗಿನಲ್ಲಿ ಉಳಿಯುವುದೇ ಒಂದು ಸಾಧನೆ. ಹೊರಟಲ್ಲಿಗೇ ಬಂದು ನಿಂತರು ಎಂಬ ನಿಮ್ಮ ಲೆಕ್ಕ ತಪ್ಪಲ್ಲ, ಆದರೆ ಅದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ಬ್ಲೂಮ್‌ಫೀಲ್ಡ್ ಬೆಳೆದದ್ದು ಇಪ್ಸ್‌ವಿಚ್ ಟೌನ್ ಅಕಾಡೆಮಿಯಲ್ಲಿ. 2001ರಲ್ಲಿ ಪ್ರೀಮಿಯರ್ ಲೀಗ್‌ನ ಐದನೆಯ ಸ್ಥಾನದಲ್ಲಿದ್ದ ಇಪ್ಸ್‌ವಿಚ್ ಮರುವರ್ಷವೇ ಹಿಂಬಡ್ತಿ ಪಡೆದು, 2003ರ ಹೊತ್ತಿಗೆ ಸಾಲದ ಹೊರೆಯಿಂದ ಆಡಳಿತಾಧಿಕಾರಿಗಳ ಕೈಗೆ ಹೋಗಿತ್ತು. ಅಂಥ ಹೊತ್ತಿನಲ್ಲಿ ಆ ಹತ್ತೊಂಬತ್ತರ ಹುಡುಗ ವರ್ಗಾವಣೆ ಶುಲ್ಕವಿಲ್ಲದೆ ವಿಕಮ್‌ಗೆ ಬಂದ. ಆಗ ಅಲ್ಲಿ ಮ್ಯಾನೇಜರ್ ಆಗಿದ್ದವರು ಆರ್ಸೆನಲ್‌ನ ನಾಯಕರಾಗಿದ್ದ ಟೋನಿ ಆಡಮ್ಸ್. ಬಂದ ಕೆಲವೇ ತಿಂಗಳಲ್ಲಿ ತಂಡ ಕೊನೆಯ ಸ್ಥಾನ ಪಡೆದು ನಾಲ್ಕನೆಯ ಸ್ತರಕ್ಕೆ ಇಳಿಯಿತು. 2006ರ ಜನವರಿಯಲ್ಲಿ ಅದೇ ತಂಡದ ಮಿಡ್‌ಫೀಲ್ಡರ್, ಇಪ್ಪತ್ತೊಂದು ವರ್ಷದ ಮಾರ್ಕ್ ಫಿಲೋ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಚಿಕ್ಕ ಕ್ಲಬ್ಬಿನಲ್ಲಿ ಇಂಥ ಸಾವು ಮನೆಯ ಸಾವೇ. ಬಡ್ತಿಯ ಹಾದಿಯಲ್ಲಿದ್ದ ತಂಡ ಆ ಋತುವಿನಲ್ಲಿ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಆಮೇಲೆ ಬಂದ ದಿನಗಳು ಬೇರೆ ಬಗೆಯವು. 2007ರ ಜನವರಿಯಲ್ಲಿ ನಾಲ್ಕನೆಯ ಸ್ತರದ ವಿಕಮ್, ಪಾಲ್ ಲ್ಯಾಂಬರ್ಟ್ ಅವರ ನೇತೃತ್ವದಲ್ಲಿ ಲೀಗ್ ಕಪ್ ಸೆಮಿಫೈನಲ್ ತಲುಪಿ, ಮೊರಿನ್ಯೊ ಅವರ ಚೆಲ್ಸಿಯನ್ನು ತನ್ನ ಮೈದಾನದಲ್ಲಿ 1-1ಕ್ಕೆ ಹಿಡಿದಿಟ್ಟಿತು; ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ 4-0 ಸೋಲಾಯಿತು ಎಂಬುದು ಬೇರೆ ಮಾತು. 2009ರಲ್ಲಿ ಬರಿ (Bury) ಎಂಬ ಊರಿನ ತಂಡದೊಂದಿಗೆ ಅಂಕಗಳು ಸಮವಾಗಿ, ಗೋಲು ವ್ಯತ್ಯಾಸದ ಬಲದಿಂದ ಬಡ್ತಿ ಸಿಕ್ಕಿತು. 2014ರ ಮೇ 3ರಂದು ಪರಿಸ್ಥಿತಿ ತಿರುಗಿ, ಅಂದು ಗೆಲ್ಲದಿದ್ದರೆ ಲೀಗಿನಿಂದಲೇ ಹೊರಬೀಳುವ ದಿನ ಬಂತು. ಟಾರ್ಕೀಯಲ್ಲಿ 3-0 ಗೆಲುವು, ಅತ್ತ ಬ್ರಿಸ್ಟಲ್ ರೋವರ್ಸ್ ತನ್ನ ಮನೆಯಂಗಳದಲ್ಲಿಯೇ ಮ್ಯಾನ್ಸ್‌ಫೀಲ್ಡ್‌ಗೆ ಸೋಲು. ಎರಡೂ ತಂಡಗಳಿಗೆ ಸಮ ಅಂಕ, ಗೋಲು ವ್ಯತ್ಯಾಸದಿಂದ ವಿಕಮ್ ಉಳಿಯಿತು, ಬ್ರಿಸ್ಟಲ್ ರೋವರ್ಸ್ 1920ರ ನಂತರ ಮೊದಲ ಬಾರಿಗೆ ಲೀಗಿನಿಂದ ಹೊರಹೋಯಿತು. ಅಂದು ನಾನು ಮನೆಯಲ್ಲಿ ರೇಡಿಯೊ ಮುಂದೆ ಕೂತಿದ್ದೆ. ಆ ಮಧ್ಯಾಹ್ನ ಕ್ಲಬ್ಬು ಬಿದ್ದಿದ್ದರೆ ಮತ್ತೆ ಏಳುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮಿಡ್‌ಫೀಲ್ಡರ್ ಎಂದೊಡನೆ ನಮಗೆ ನೆನಪಾಗುವುದು ಮೈದಾನದ ನಡುವೆ ನಿಂತು ಪಾಸುಗಳಿಂದ ಆಟವನ್ನು ನೇಯುವವನು. ಕೆಳ ವಿಭಾಗದಲ್ಲಿ, ಅದರಲ್ಲೂ ಮಳೆ ಬಿದ್ದು ಭಾರವಾದ ಜನವರಿಯ ಮೈದಾನದಲ್ಲಿ, ಚೆಂಡು ಬಹಳ ಹೊತ್ತು ಗಾಳಿಯಲ್ಲಿಯೇ ಇರುತ್ತದೆ. ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡಿಗೆ ಇಬ್ಬರು ಹಾರುತ್ತಾರೆ. ಯಾರ ತಲೆಗೆ ತಾಗಿದರೂ ಅದು ಹತ್ತು ಹದಿನೈದು ಗಜದಾಚೆ ಎಲ್ಲೋ ಬೀಳುತ್ತದೆ. ಯಾರದೂ ಅಲ್ಲದ ಆ ಚೆಂಡನ್ನು ಇಲ್ಲಿನವರು 'ಸೆಕೆಂಡ್ ಬಾಲ್' ಎನ್ನುತ್ತಾರೆ. ಅದು ಬೀಳುವ ಮೊದಲೇ ಬೀಳುವ ಜಾಗವನ್ನು ಊಹಿಸಿ ಅಲ್ಲಿಗೆ ಓಡಿರುವುದು ಬ್ಲೂಮ್‌ಫೀಲ್ಡ್ ಅವರಂಥ ಮಿಡ್‌ಫೀಲ್ಡರ್‌ನ ಕಸುಬು. 2016ರಿಂದ ತಂಡದ ಮುಂಚೂಣಿಯಲ್ಲಿ ಆಡೆಬಾಯೊ ಅಕಿನ್‌ಫೆನ್ವಾ ಎಂಬ ಬೃಹತ್ಕಾಯದ ಆಟಗಾರರಿದ್ದರು. ಪ್ರೇಕ್ಷಕರ ಕಣ್ಣೆಲ್ಲ ಅವರ ಮೇಲೆ. ಅವರು ಎದೆಯಿಂದ ಇಳಿಸಿದ ಚೆಂಡು ವ್ಯರ್ಥವಾಗದಂತೆ ಅವರ ಬೆನ್ನ ಹಿಂದೆಯೇ ಓಡುವ ಮಿಡ್‌ಫೀಲ್ಡರ್ ಬೇಕಿತ್ತು. ದೂರದರ್ಶನದ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುವುದರಿಂದ ಈ ಓಟ ಮನೆಯಲ್ಲಿ ಕೂತವರಿಗೆ ಕಾಣುವುದಿಲ್ಲ. ಮೈದಾನದಲ್ಲಿ ಕೂತು, ಚೆಂಡನ್ನು ಬಿಟ್ಟು ಒಬ್ಬನನ್ನೇ ಹತ್ತು ನಿಮಿಷ ನೋಡಬೇಕು. ನಿಮ್ಮ ಅಕ್ಕನ ಮಗನಿಗೆ ಇದೊಂದನ್ನು ಹೇಳಿ.

ಹೀಗೆ ಲೀಗಿನಲ್ಲಿ ಒಂದು ಋತುವಿಗೆ 46 ಪಂದ್ಯ. ಕಪ್ ಪಂದ್ಯಗಳು ಬೇರೆ. ಶನಿವಾರ ಆಡಿ, ಮಂಗಳವಾರ ಇನ್ನೂರು ಮೈಲಿ ಬಸ್ಸಿನಲ್ಲಿ ಹೋಗಿ ಆಡಿ, ನಡುರಾತ್ರಿ ಕಳೆದ ಮೇಲೆ ಮನೆ ಸೇರಿ, ಮತ್ತೆ ಶನಿವಾರಕ್ಕೆ ಸಿದ್ಧರಾಗಬೇಕು. ಇದನ್ನು ಆರು ಬೇರೆ ಬೇರೆ ಮ್ಯಾನೇಜರ್‌ಗಳ ಕೈಕೆಳಗೆ, ಆಡಮ್ಸ್‌ರಿಂದ ಗ್ಯಾರೆತ್ ಏನ್ಸ್‌ವರ್ತ್‌ವರೆಗೆ, ಪ್ರತಿ ಬಾರಿಯೂ ಹೊಸಬರ ನಂಬಿಕೆ ಗಳಿಸಿಕೊಂಡು ಮಾಡುವುದು ಸಾಮಾನ್ಯ ಪ್ರತಿಭೆಯಲ್ಲ.

ಹುಬ್ಬಳ್ಳಿಯ ಲೆಕ್ಕಿಗ

ಮೇಲಿನ ಉತ್ತರವನ್ನು ಪ್ರೀತಿಯಿಂದ ಓದಿದೆ. ಆದರೂ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲು ಅನುಮತಿ ಕೊಡಿ. ಒಂದೇ ಕ್ಲಬ್ಬಿನಲ್ಲಿ ಉಳಿದವರೆಲ್ಲರಿಗೂ 'ನಿಷ್ಠೆ' ಎಂಬ ಪಟ್ಟ ಕಟ್ಟುವುದು ನಮಗೆ ಬಹಳ ಇಷ್ಟವಾದ ಕೆಲಸ. ಕೆಳ ವಿಭಾಗದ ಆಟಗಾರನ ಆಯ್ಕೆಗಳು ಎಷ್ಟು ಕಿರಿದಾಗಿರುತ್ತವೆ ಎಂಬುದನ್ನೂ ನೋಡಬೇಕು.

ಇಂಗ್ಲೆಂಡಿನ ಮೇಲಿನ ನಾಲ್ಕು ಸ್ತರಗಳಲ್ಲಿ 92 ಕ್ಲಬ್ಬುಗಳಿವೆ: ಪ್ರೀಮಿಯರ್ ಲೀಗ್‌ನಲ್ಲಿ 20, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂಗಳಲ್ಲಿ ತಲಾ 24. ಆಟಗಾರರ ಒಪ್ಪಂದಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಋತು ಮುಗಿದ ಕೂಡಲೇ ಪ್ರತಿ ಕ್ಲಬ್ಬೂ ಯಾರನ್ನು ಉಳಿಸಿಕೊಂಡಿದೆ, ಯಾರನ್ನು ಬಿಟ್ಟಿದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಪ್ರೀಮಿಯರ್ ಲೀಗ್‌ನ ಆಟಗಾರ ಆ ಪಟ್ಟಿಯ ಬಗ್ಗೆ ಯೋಚಿಸುವುದೇ ಇಲ್ಲ. ಲೀಗ್ ಟೂ ಆಟಗಾರನಿಗಾದರೋ ಅದು ಮನೆಸಾಲ ಮತ್ತು ಮಕ್ಕಳ ಶಾಲೆಯ ಪ್ರಶ್ನೆ. ಹಿಂಬಡ್ತಿಯಾದರೆ ಸಂಬಳ ಕಡಿತವಾಗುವ ಷರತ್ತು ಹಲವರ ಒಪ್ಪಂದಗಳಲ್ಲಿಯೇ ಇರುತ್ತದೆ. ಬಡ್ತಿ ಸಿಕ್ಕರೂ ಕ್ಷೇಮವೆನ್ನುವಂತಿಲ್ಲ; ಮೇಲಿನ ಸ್ತರಕ್ಕೆ ಇವನು ಸಾಲದು ಎಂದು ಮ್ಯಾನೇಜರ್ ಬೇರೊಬ್ಬನನ್ನು ಕರೆತರಬಹುದು.

ಚರಿತ್ರೆಯನ್ನೂ ನೆನಪಿಡಬೇಕು. 1961ರ ಜನವರಿಯವರೆಗೆ ಇಂಗ್ಲೆಂಡಿನ ಯಾವ ಆಟಗಾರನಿಗೂ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಹೋರಾಡಿ ಆ ಮಿತಿಯನ್ನು ತೆಗೆಸಿತು. ಒಪ್ಪಂದ ಮುಗಿದ ಆಟಗಾರ ಶುಲ್ಕವಿಲ್ಲದೆ ಬೇರೆಡೆ ಹೋಗಬಹುದೆಂಬ ಹಕ್ಕು ಗಟ್ಟಿಯಾದದ್ದು 1995ರ ಬಾಸ್ಮನ್ ತೀರ್ಪಿನಿಂದ. ಈ ಹಕ್ಕಿನಿಂದ ಮೇಲಿನ ಸ್ತರದವರು ಶ್ರೀಮಂತರಾದರು. ಕೆಳಗಿನವರ ಪಾಲಿಗೆ ಕ್ಲಬ್ಬೇ ಅವರನ್ನು ಸುಲಭವಾಗಿ ಬಿಟ್ಟುಬಿಡುವ ದಾರಿಯೂ ಅದೇ ಆಯಿತು. ಜಾನ್ ಟ್ರೋಲಪ್ ಅವರು 1960ರಿಂದ 1980ರವರೆಗೆ ಸ್ವಿಂಡನ್ ಟೌನ್ ಒಂದಕ್ಕೇ 770 ಲೀಗ್ ಪಂದ್ಯಗಳನ್ನು ಆಡಿದ ಕಾಲ ಬೇರೆ, ಬ್ಲೂಮ್‌ಫೀಲ್ಡ್ ಅವರ ಕಾಲ ಬೇರೆ. ಹಾಗೆಂದು ಬ್ಲೂಮ್‌ಫೀಲ್ಡ್ ಅವರ ಸಾಧನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ಈ ಕಾಲದಲ್ಲಿ ಒಂದು ಕ್ಲಬ್ಬು ಒಬ್ಬನನ್ನು ಹದಿನೆಂಟು ವರ್ಷ ಮತ್ತೆ ಮತ್ತೆ ಉಳಿಸಿಕೊಂಡಿತೆಂದರೆ, ಆ ಉಳಿಕೆಯಲ್ಲಿ ಕ್ಲಬ್ಬಿನ ತೀರ್ಮಾನವೂ ಅಷ್ಟೇ ಪಾಲು ಪಡೆದಿದೆ. ನಿಷ್ಠೆ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರೆ ಆ ತೀರ್ಮಾನದ ಹಿಂದಿರುವ ಆಟಗಾರನ ಯೋಗ್ಯತೆ ಮರೆಯಾಗುತ್ತದೆ.

ಅಲ್ಲದೆ, ಅವರೇ 2025ರ ಜನವರಿಯಲ್ಲಿ ಬಡ್ತಿಯ ಹಾದಿಯಲ್ಲಿದ್ದ ವಿಕಮ್ ತಂಡವನ್ನು ಋತುವಿನ ನಡುವೆ ಬಿಟ್ಟು ಲೂಟನ್‌ಗೆ ಹೋದರು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಸ್ಲೌ ಕನ್ನಡಿಗ

ನಿಮ್ಮ ತಿದ್ದುಪಡಿಯನ್ನು ಒಪ್ಪುತ್ತೇನೆ. 'ಉಳಿದರು' ಎನ್ನುವುದಕ್ಕಿಂತ 'ಪ್ರತಿ ಬಾರಿಯೂ ಉಳಿಸಿಕೊಳ್ಳಬೇಕೆನ್ನಿಸುವಂತೆ ಆಡಿದರು' ಎನ್ನುವುದು ಹೆಚ್ಚು ಸರಿ.

ಕೊನೆಯ ಪ್ರಶ್ನೆ ನಮ್ಮನ್ನು ಅಂದು ನೋಯಿಸಿದ್ದು ನಿಜ. 2022ರ ಕೊನೆಯ ತಿಂಗಳುಗಳಲ್ಲಿ ಕೋಲ್‌ಚೆಸ್ಟರ್ ಯುನೈಟೆಡ್‌ನಲ್ಲಿ ತರಬೇತುದಾರರಾಗಿದ್ದ ಅವರನ್ನು 2023ರ ಫೆಬ್ರವರಿಯಲ್ಲಿ, ಏನ್ಸ್‌ವರ್ತ್ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ಗೆ ಹೋದ ಕೂಡಲೇ, ವಿಕಮ್ ಮರಳಿ ಕರೆಸಿಕೊಂಡಿತು. 2024ರಲ್ಲಿ ಕೆಳ ವಿಭಾಗಗಳ ಕಪ್ ಆದ ಇಎಫ್ಎಲ್ ಟ್ರೋಫಿಯ ಫೈನಲ್‌ಗೆ ತಂಡವನ್ನು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣಕ್ಕೆ ಕರೆದೊಯ್ದರು. ಪೀಟರ್‌ಬರೋ ಎದುರು 2-1 ಸೋತೆವು. ಮರುವರ್ಷ ಅವರು ಹೊರಟಾಗ ಮೈದಾನದಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಎರಡು ವಾರ ಅವರ ಹೆಸರನ್ನೇ ಎತ್ತಲಿಲ್ಲ. ನನಗೆ ಮಾತ್ರ ಅದು ಅನ್ಯಾಯವೆನ್ನಿಸಲಿಲ್ಲ. ಹಿಂದಿನ ವರ್ಷವಷ್ಟೇ ಪ್ರೀಮಿಯರ್ ಲೀಗ್‌ನಲ್ಲಿದ್ದ ಕ್ಲಬ್ಬು ಕರೆದಾಗ, ಆಟಗಾರನಾಗಿ ಮೇಲಿನ ಮೆಟ್ಟಿಲನ್ನು ಒಂದೇ ಒಂದು ವರ್ಷ ಕಂಡವನು ಹೋಗದಿದ್ದರೆ ಆಶ್ಚರ್ಯ. ಲೂಟನ್ ಆ ಋತುವಿನ ಕೊನೆಯ ದಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ 5-3 ಸೋತು ಮತ್ತೊಮ್ಮೆ ಹಿಂಬಡ್ತಿ ಪಡೆಯಿತು. ಉಳಿದದ್ದು ಪ್ರಶ್ನೆ ಕೇಳಿದವರು ಓದಿದ ಸುದ್ದಿ.

ಆಟಗಾರನಾಗಿ ಅವರು ಮೇಲಿನ ಮೆಟ್ಟಿಲಲ್ಲಿ ಕಳೆದ ಆ ಒಂದು ವರ್ಷದ ಬಗ್ಗೆ ಹೇಳಲೇಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಸೋಂಕಿನಿಂದ ಲೀಗ್ ಒನ್ ನಿಂತಾಗ ವಿಕಮ್ ಎಂಟನೆಯ ಸ್ಥಾನದಲ್ಲಿತ್ತು. ಉಳಿದ ಪಂದ್ಯಗಳನ್ನು ರದ್ದುಮಾಡಿ, ಆಡಿದ ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಎಂಬ ಲೆಕ್ಕ ಹಾಕಿದಾಗ ಒಂದು ಪಂದ್ಯ ಕಡಿಮೆ ಆಡಿದ್ದ ತಂಡ ಮೂರನೆಯ ಸ್ಥಾನಕ್ಕೆ ನೆಗೆಯಿತು. ಕೊನೆಯ ಬಡ್ತಿ ಸ್ಥಾನಕ್ಕಾಗಿ ನಡೆಯುವ ಪ್ಲೇ-ಆಫ್‌ನಲ್ಲಿ ಫ್ಲೀಟ್‌ವುಡ್‌ ಅನ್ನು ದಾಟಿ, ಜುಲೈ 13ರಂದು ಖಾಲಿ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ತಂಡವನ್ನು 2-1ರಿಂದ ಸೋಲಿಸಿ, ಕ್ಲಬ್ಬಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಎರಡನೆಯ ಸ್ತರಕ್ಕೆ ಏರಿತು. ಜೋ ಜೇಕಬ್ಸನ್ ಪೆನಾಲ್ಟಿಯಿಂದ ಗೆಲುವಿನ ಗೋಲು ಹೊಡೆದಾಗ ನಾವೆಲ್ಲ ಮನೆಗಳಲ್ಲಿದ್ದೆವು. ಮರುವರ್ಷ ಚಾಂಪಿಯನ್‌ಶಿಪ್ ಪಂದ್ಯಗಳೂ ಬಹುಪಾಲು ಖಾಲಿ ಆಸನಗಳ ಮುಂದೆಯೇ ನಡೆದವು. 43 ಅಂಕ ಗಳಿಸಿ, 44 ಗಳಿಸಿದ ಡರ್ಬಿಗಿಂತ ಒಂದೇ ಅಂಕ ಹಿಂದೆ ಬಿದ್ದು ಕೆಳಗಿಳಿದೆವು. ಹದಿನೇಳು ವರ್ಷ ಕಾದು ತಲುಪಿದ ಎತ್ತರದಲ್ಲಿ ಅವರಿಗೆ ಚಪ್ಪಾಳೆ ತಟ್ಟಲು ನಾವು ಅಲ್ಲಿರಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ಕಾಡುವ ಸಂಗತಿ.

ಮಂಗಳೂರಿನ ಫಿಸಿಯೋ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯವಿದೆ. ಬ್ಲೂಮ್‌ಫೀಲ್ಡ್ ಅವರ ಆಟ ನಿಂತದ್ದು ವಯಸ್ಸಿನಿಂದಲ್ಲ, ತಲೆಗೆ ಬಿದ್ದ ಪೆಟ್ಟಿನಿಂದ. 2021-22ರ ಋತುವಿನಲ್ಲಿ ಆದ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ನಂತರ, 38ರ ಹೊಸ್ತಿಲಲ್ಲಿ, ವೈದ್ಯರ ಸಲಹೆಯ ಮೇರೆಗೆ ಅವರು ನಿವೃತ್ತರಾದರು. ಹದಿನಾರು ವರ್ಷದ ಹುಡುಗನ ಪ್ರಸ್ತಾಪ ಇಲ್ಲಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೇಲೆ ವಿವರಿಸಿರುವ ಗಾಳಿಯ ಆಟಕ್ಕೆ ಬೆಲೆ ತೆರುವುದು ಆಟಗಾರರ ತಲೆ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ನ ಜೆಫ್ ಆ್ಯಸ್ಲ್ 2002ರಲ್ಲಿ 59ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ವರ್ಷಗಟ್ಟಲೆ ಚೆಂಡಿಗೆ ತಲೆ ಕೊಟ್ಟಿದ್ದನ್ನು ಕಾರಣವಾಗಿ ಕಂಡ ತನಿಖಾಧಿಕಾರಿ ಅದನ್ನು ವೃತ್ತಿಜನ್ಯ ಕಾಯಿಲೆಯೆಂದು ದಾಖಲಿಸಿದರು. 2019ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ವಿಲ್ಲಿ ಸ್ಟುವರ್ಟ್ ನೇತೃತ್ವದ ತಂಡ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ, ಮಿದುಳು ಸವೆಯುವ ಕಾಯಿಲೆಗಳಿಂದ ಅವರು ಸಾಯುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ತೋರಿಸಿತು. 2021ರಿಂದ ಇಂಗ್ಲೆಂಡಿನಲ್ಲಿ ಅಭ್ಯಾಸದ ವೇಳೆ ಬಲವಾದ ಹೆಡರ್‌ಗಳು (ತಲೆಯಿಂದ ಚೆಂಡನ್ನು ಹೊಡೆಯುವುದು) ವಾರಕ್ಕೆ ಹತ್ತನ್ನು ಮೀರಬಾರದೆಂಬ ಮಾರ್ಗಸೂಚಿ ಬಂದಿದೆ.

ನನ್ನ ಬಳಿ ಬರುವ ಹುಡುಗರಲ್ಲಿ ನಾನು ಕಾಣುವುದು ಒಂದೇ: ಮಂಡಿ ನೋವನ್ನು ಹೇಳುತ್ತಾರೆ, ತಲೆಗೆ ಬಿದ್ದ ಪೆಟ್ಟನ್ನು ಮುಚ್ಚಿಡುತ್ತಾರೆ. ತಂಡದಿಂದ ಹೊರಗಿಡುತ್ತಾರೆಂಬ ಭಯ. ಒಂದು ಸಣ್ಣ ಮೈದಾನದಲ್ಲಿ ಹುಡುಗನೊಬ್ಬ ಡಿಕ್ಕಿಯಾಗಿ ಬಿದ್ದು, ಎದ್ದು, ಐದು ನಿಮಿಷದ ಬಳಿಕ ಸ್ಕೋರ್ ಎಷ್ಟೆಂದು ನನ್ನನ್ನೇ ಕೇಳಿದ; ಹಾಗಿದ್ದೂ ಅವನನ್ನು ಮತ್ತೆ ಆಡಲು ಇಳಿಸಬೇಕೆಂದು ತರಬೇತುದಾರರು ವಾದಿಸಿದರು. ನಾನು ಬಿಡಲಿಲ್ಲ. 550 ಪಂದ್ಯ ಆಡಿದವರೇ ವೈದ್ಯರ ಮಾತಿಗೆ ತಲೆಬಾಗಿ ನಿಂತರೆಂಬುದನ್ನು ದಯವಿಟ್ಟು ಆ ಹುಡುಗನಿಗೆ ತಿಳಿಸಿ.

ಕಂಠೀರವದ ಪ್ರೇಕ್ಷಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ಅಳಿಯನಿಗೆ ಪೂರ್ತಿಯಾಗಿ ಓದಿ ಹೇಳಿದೆ. ಟಾರ್ಕೀಯ ಆ ಮಧ್ಯಾಹ್ನದ ಭಾಗವನ್ನು ಎರಡು ಬಾರಿ ಓದಿಸಿದ. ಸೋಲು, ಗೆಲುವು ಎಂಬ ಮಾತು ಮತ್ತೆ ಬರಲಿಲ್ಲ. ಅದರ ಬದಲು, ಹೆಡರ್ ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿಯುವುದು ಹೇಗೆ ಎಂದು ಕೇಳಿದ. ಹಾರುವವನ ಭುಜ ಯಾವ ಕಡೆ ತಿರುಗಿದೆ ಎಂದು ನೋಡಬೇಕೇನೋ ಎಂದು ತಾನೇ ಉತ್ತರವನ್ನೂ ಊಹಿಸಿದ. ಇದು ಸರಿಯೇ ಎಂದು ಸ್ಲೌನಲ್ಲಿರುವವರು ಹೇಳಬೇಕು.

ಫಿಸಿಯೋ ಅವರೇ, ಹೋದ ತಿಂಗಳು ಅಭ್ಯಾಸದಲ್ಲಿ ಇನ್ನೊಬ್ಬ ಹುಡುಗನ ತಲೆಗೆ ತನ್ನ ತಲೆ ತಾಗಿತ್ತೆಂದು ಅವನು ನಿನ್ನೆ ಮೊದಲ ಬಾರಿಗೆ ಬಾಯಿಬಿಟ್ಟ. ಈಗ ಏನೂ ತೊಂದರೆ ಇಲ್ಲವಂತೆ. ಆದರೂ ನಾಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಸ್ಲೌ ಕನ್ನಡಿಗ

ಭುಜದ ಊಹೆ ಸರಿಯಾಗಿಯೇ ಇದೆ. ಅದರ ಜೊತೆಗೆ, ಹಾರುವವನು ಚೆಂಡಿಗಿಂತ ಮೊದಲು ಹಾರಿದನೋ ತಡವಾಗಿ ಹಾರಿದನೋ ಎಂಬುದನ್ನೂ ನೋಡಲು ಹೇಳಿ. ತಡವಾದರೆ ಚೆಂಡು ತಲೆಯ ಮೇಲ್ಭಾಗಕ್ಕೆ ಸವರಿ ಹಿಂದಕ್ಕೆ ಜಾರುತ್ತದೆ, ಆಗ ಮಿಡ್‌ಫೀಲ್ಡರ್ ಎದುರಾಳಿಯ ಬೆನ್ನ ಹಿಂದಿನ ಜಾಗಕ್ಕೆ ಓಡಬೇಕು. ಈ ಶನಿವಾರ ಆಡಮ್ಸ್ ಪಾರ್ಕ್‌ಗೆ ಹೋಗುವವನಿದ್ದೇನೆ. ನಡುಮೈದಾನದಲ್ಲಿ ಯಾರಾದರೂ ಒಬ್ಬರನ್ನು ಮೊದಲಾರ್ಧ ಪೂರ್ತಿ ಗಮನಿಸಿ, ಅವರು ಎಲ್ಲೆಲ್ಲಿ ಓಡಿದರೆಂದು ಬರೆದು ಅವನಿಗಾಗಿ ಇಲ್ಲಿಯೇ ಹಾಕುತ್ತೇನೆ. ವೈದ್ಯರು ಏನೆಂದರು ಎಂಬುದನ್ನು ಮರೆಯದೆ ತಿಳಿಸಿ.